ಹೋಟೆಲಿನಲ್ಲಿ ಎಡವಿ ಬಿದ್ದು ಕೈ ಮುರಿದರೆ ಪರಿಹಾರ ಕೇಳಬಹುದೇ?

ಪ್ರಶ್ನೆ: ನಾನು ಶನಿವಾರಸಂತೆ ಕಡೆಯವಳು. ಮನೆಯಲ್ಲೇ ರವಿಕೆ, ಚೂಡಿದಾರ್ ಹೊಲಿದುಕೊಡುತ್ತೇನೆ. ಕಳೆದ ಜುಲೈನಲ್ಲಿ ಕೆಲಸದ ಮೇಲೆ ಮಡಿಕೇರಿಗೆ ಹೋಗಿದ್ದಾಗ ಪತಿ, ಅತ್ತೆ ಮತ್ತು ನಾನು ಒಂದು ಹೋಟೆಲಿನಲ್ಲಿ ಊಟ ಮಾಡಿದೆವು. ಊಟವಾದ ಮೇಲೆ ಕೈ ತೊಳೆಯಲು ಹಿಂಬದಿಗೆ ಹೋದೆ. ಅಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಬೇಕಿತ್ತು, ಆದರೆ ಮೇಲೂ ಕೆಳಗೂ ಒಂದೇ ಬಣ್ಣದ ಟೈಲ್ಸ್ ಇದ್ದುದರಿಂದ ಅದು ಕಾಣಿಸಲಿಲ್ಲ. ಲೈಟ್ ಹಾಕಿರಲಿಲ್ಲ. ಮೆಟ್ಟಿಲಿನ ಅಂಚಿನಲ್ಲಿ ನೀರು ಹೀರಲೆಂದು ಹಾಸಿದ್ದ ಗೋಣಿಚೀಲದ ಮೂಲೆ ಮಡಚಿಕೊಂಡಿತ್ತು. ಅದಕ್ಕೆ ಕಾಲು ಸಿಕ್ಕಿ ಮುಗ್ಗರಿಸಿ ಬಿದ್ದೆ. ಬಲ ಮುಂಗೈ ಮೂಳೆ ಮುರಿದು, ಮೈಸೂರಿನಲ್ಲಿ ಆಪರೇಷನ್ ಮಾಡಿ ಪ್ಲೇಟ್ ಹಾಕಿದ್ದಾರೆ. ಒಂದು ಲಕ್ಷಕ್ಕೂ ಹೆಚ್ಚು ಖರ್ಚಾಗಿದೆ, ಗೌರಿ ಹಬ್ಬದ ಹೊಲಿಗೆಯೆಲ್ಲ ಕೈತಪ್ಪಿತು. ಮಾಲೀಕರು ಅಂದು 2,000 ರೂಪಾಯಿ ಕೊಟ್ಟಿದ್ದರು. ಈಗ ಫೋನ್ ಮಾಡಿದರೆ, "ನೋಡಿಕೊಂಡು ನಡೆಯಬೇಕಿತ್ತು, ನಾವು ಬೋರ್ಡ್ ಹಾಕಿದ್ದೇವೆ" ಎನ್ನುತ್ತಾರೆ. ಬಿಲ್ ಕೊಟ್ಟದ್ದು ಪತಿ, ಫೋನ್‌ಪೇ ಮೂಲಕ. ಪೊಲೀಸರಿಗೆ ದೂರು ಕೊಟ್ಟಿಲ್ಲ. ಮಾಲೀಕರು ನಮ್ಮ ನೆಂಟರಿಗೆ ಪರಿಚಯದವರು. ನಾನು ಪರಿಹಾರ ಕೇಳಬಹುದೇ? ಎಲ್ಲಿ, ಎಷ್ಟು ಕೇಳಬೇಕು?

ಉತ್ತರ: ಕೇಳಬಹುದು. ನೀವು ಬರೆದಿರುವ ಸಂಗತಿಗಳನ್ನು ಸಾಬೀತುಪಡಿಸಲು ಸಾಧ್ಯವಾದರೆ ನಿಮ್ಮದು ಗಟ್ಟಿಯಾದ ಪ್ರಕರಣವೆಂದೇ ನನ್ನ ಅಭಿಪ್ರಾಯ. ಆದರೆ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಹೋಟೆಲಿನ ಒಳಗೆ ಬಿದ್ದಿರಿ ಎಂಬ ಒಂದೇ ಕಾರಣಕ್ಕೆ ಕಾನೂನು ಪರಿಹಾರ ಕೊಡುವುದಿಲ್ಲ. ಅಲ್ಲಿ ಅಪಾಯವಿತ್ತು, ಅದು ಹೋಟೆಲಿನವರಿಗೆ ತಿಳಿದಿತ್ತು ಅಥವಾ ತಿಳಿದಿರಬೇಕಿತ್ತು, ಅದನ್ನು ತಪ್ಪಿಸಲು ಸಾಮಾನ್ಯ ಎಚ್ಚರಿಕೆಯ ಮನುಷ್ಯನೊಬ್ಬ ಮಾಡುವಷ್ಟನ್ನೂ ಅವರು ಮಾಡಲಿಲ್ಲ, ಅದರಿಂದಲೇ ನಿಮಗೆ ಪೆಟ್ಟಾಯಿತು ಎಂಬ ಸರಪಣಿಯನ್ನು ನೀವೇ ಜೋಡಿಸಿ ತೋರಿಸಬೇಕಾಗುತ್ತದೆ. ದೆಹಲಿಯ ಚಾಂದನಿ ಚೌಕದಲ್ಲಿ ಗಡಿಯಾರದ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ, ಇಂಥ ಕಟ್ಟಡ ತಾನಾಗಿ ಬೀಳುವುದೇ ನಿರ್ಲಕ್ಷ್ಯದ ಕುರುಹು ಎಂದು ಹೇಳಿ, ಪಾಲಿಕೆಯನ್ನು ಹೊಣೆ ಮಾಡಿತು. ಕಟ್ಟಡ ಬಿದ್ದಾಗ ಆ ತರ್ಕ ಒಪ್ಪುತ್ತದೆ. ಮನುಷ್ಯ ಬಿದ್ದಾಗ ಹಾಗಲ್ಲ. ಮನುಷ್ಯರು ಯಾರ ತಪ್ಪೂ ಇಲ್ಲದೆ ಬೀಳುವುದುಂಟು. ಆದ್ದರಿಂದ ನಿಮ್ಮ ಇಡೀ ಪ್ರಕರಣ ನಿಂತಿರುವುದು ನಿಮ್ಮ ಕೈಯ ಮೇಲಲ್ಲ, ಆ ಮೆಟ್ಟಿಲಿನ ಅಂಚಿನ ಮೇಲೆ.

ಆ ಅಂಚನ್ನು ಹತ್ತಿರದಿಂದ ನೋಡೋಣ. ಒಂದೇ ಬಣ್ಣದ ಟೈಲ್ಸ್, ಉರಿಯದ ಲೈಟು, ಮಡಚಿದ ಗೋಣಿಚೀಲ ಎಂಬ ಮೂರು ಸಂಗತಿಗಳನ್ನು ನೀವು ಬರೆದಿದ್ದೀರಿ. ಇವುಗಳಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಗೋಣಿಚೀಲ. ಬೇರೊಬ್ಬ ಗಿರಾಕಿ ಎರಡು ನಿಮಿಷದ ಹಿಂದೆ ಚೆಲ್ಲಿದ ಸಾಂಬಾರಿನ ಮೇಲೆ ನೀವು ಜಾರಿದ್ದರೆ, "ನಮ್ಮ ಗಮನಕ್ಕೆ ಬರುವ ಮೊದಲೇ ಆಗಿಹೋಯಿತು" ಎಂದು ಹೋಟೆಲಿನವರು ವಾದಿಸಬಹುದಿತ್ತು. ಗೋಣಿಚೀಲದ ವಿಷಯದಲ್ಲಿ ಆ ವಾದಕ್ಕೆ ಎಡೆಯಿಲ್ಲ, ಏಕೆಂದರೆ ಅದನ್ನು ತಂದು ಅಲ್ಲಿ ಹಾಸಿದವರು ಅವರ ಕೆಲಸಗಾರರೇ. ಜುಲೈ ತಿಂಗಳಲ್ಲಿ ಮಡಿಕೇರಿಯ ನೆಲ ಒದ್ದೆಯಾಗಿರುತ್ತದೆ ಎಂಬುದು ಅಲ್ಲಿ ವ್ಯಾಪಾರ ಮಾಡುವ ಪ್ರತಿಯೊಬ್ಬರಿಗೂ ಗೊತ್ತು. ಮಳೆ ಸುರಿಯುವ ತಿಂಗಳುಗಳಲ್ಲಿ ಬಾಗಿಲಿಗೆ ಚೀಲ, ರಟ್ಟು ಹಾಸುವುದು ನಮ್ಮ ಜಿಲ್ಲೆಯಲ್ಲಿ ರೂಢಿಯಾಗಿಬಿಟ್ಟಿದೆ. ರೂಢಿ ಎಂದ ಮಾತ್ರಕ್ಕೆ ಅದು ಸುರಕ್ಷಿತವಾಗುವುದಿಲ್ಲ. ಸಮತಟ್ಟಾದ ಬಾಗಿಲಿನಲ್ಲಿ ಹಾಸಿದ ಚೀಲ ಬೇರೆ, ಕಣ್ಣಿಗೆ ಕಾಣದ ಮೆಟ್ಟಿಲಿನ ಅಂಚಿನಲ್ಲಿ ಸಡಿಲವಾಗಿ ಬಿಟ್ಟ ಚೀಲ ಬೇರೆ. ಮಳೆಯೇ ಕಾರಣವೆಂದು ಹೋಟೆಲಿನವರು ಹೇಳುವುದಾದರೆ, ಅಪಾಯ ಅವರಿಗೆ ಮೊದಲೇ ತಿಳಿದಿತ್ತೆಂಬುದನ್ನು ಅವರೇ ಒಪ್ಪಿಕೊಂಡಂತಾಗುತ್ತದೆ.

ಇನ್ನು "ನೋಡಿಕೊಂಡು ನಡೆಯಬೇಕಿತ್ತು" ಎಂಬ ಮಾತು. ಇದನ್ನು ಹಗುರವಾಗಿ ತಳ್ಳಿಹಾಕಬೇಡಿ. ನೀವು ಫೋನಿನಲ್ಲಿ ಮಾತನಾಡುತ್ತ ನಡೆದಿದ್ದರೆ, ಅಥವಾ ಅದೇ ಮೆಟ್ಟಿಲನ್ನು ಅದೇ ದಿನ ಊಟಕ್ಕೆ ಮೊದಲೊಮ್ಮೆ ಇಳಿದು ಹತ್ತಿದ್ದರೆ, ನಿಮ್ಮ ಪಾಲಿನ ಅಜಾಗರೂಕತೆಯೂ ಸೇರಿದೆ ಎಂದು ತೀರ್ಮಾನವಾಗಿ ಪರಿಹಾರದ ಮೊತ್ತ ಆ ಪ್ರಮಾಣದಲ್ಲಿ ಕಡಿಮೆಯಾಗಬಹುದು. ಆದರೆ ಅದು ಕಡಿಮೆಯಾಗುವುದೇ ಹೊರತು, ಸಾಮಾನ್ಯವಾಗಿ ಪೂರ್ತಿ ಇಲ್ಲವಾಗುವುದಿಲ್ಲ. ನಿಮ್ಮ ವಕೀಲರಿಗೆ ಇಂಥ ಸಂಗತಿಗಳನ್ನು ಮುಚ್ಚಿಡದೆ ಹೇಳಿ, ಎದುರಿನವರಿಂದ ಅವರು ಕೇಳುವಂತಾಗಬಾರದು. ಬೋರ್ಡಿನ ವಿಷಯದಲ್ಲಿ, ಅದು ಎಲ್ಲಿತ್ತು ಮತ್ತು ಅದರಲ್ಲಿ ಏನು ಬರೆದಿತ್ತು ಎಂಬುದನ್ನು ತಿಳಿಯಬೇಕು. ಕ್ಯಾಶ್ ಕೌಂಟರಿನ ಹಿಂದೆ "ಯಾವುದೇ ಅನಾಹುತಕ್ಕೆ ನಾವು ಜವಾಬ್ದಾರರಲ್ಲ" ಎಂದು ಬರೆದು ತೂಗುಹಾಕಿದ್ದರೆ ಅದರಿಂದ ಹೋಟೆಲಿನವರು ಪಾರಾಗುವುದು ಕಷ್ಟ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ನಿಲ್ಲಿಸಲು ಕೊಟ್ಟಿದ್ದ ಕಾರು ಕಳವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ, ಪಾರ್ಕಿಂಗ್ ಚೀಟಿಯಲ್ಲಿ ಕಾರಿನ ಮಾಲೀಕರದೇ ಹೊಣೆ ಎಂದು ಅಚ್ಚುಹಾಕಿದ ಮಾತ್ರಕ್ಕೆ ಹೋಟೆಲು ತನ್ನ ಸ್ವಂತ ನಿರ್ಲಕ್ಷ್ಯದ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂದಿದೆ. ಅದು ಕಾರಿನ ಪ್ರಕರಣವಾದರೂ ಆ ತರ್ಕವನ್ನು ನೀವು ಧಾರಾಳವಾಗಿ ಆಧರಿಸಬಹುದು. ಮೆಟ್ಟಿಲಿನ ಪಕ್ಕದಲ್ಲೇ, ಕಣ್ಣಿಗೆ ಬೀಳುವಂತೆ "ಮೆಟ್ಟಿಲಿದೆ, ಎಚ್ಚರಿಕೆ" ಎಂದಿದ್ದರೆ ಮಾತ್ರ ಬೋರ್ಡಿಗೆ ನಿಜವಾದ ತೂಕ ಬರುತ್ತದೆ.

ಬಿಲ್ ಪತಿಯದು ಎಂಬ ಚಿಂತೆ ಬೇಡ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಹಣ ಕೊಟ್ಟು ಸೇವೆ ಪಡೆದವರಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ಆ ಸೇವೆಯ ಪ್ರಯೋಜನ ಪಡೆದವರೂ ಗ್ರಾಹಕರೇ. ಒಂದೇ ಮೇಜಿನಲ್ಲಿ ಕುಳಿತು ಉಂಡ ನೀವೂ ನಿಮ್ಮ ಅತ್ತೆಯೂ ಆ ವ್ಯಾಖ್ಯೆಯೊಳಗೆ ಬರುತ್ತೀರಿ. ಫೋನ್‌ಪೇ ದಾಖಲೆಯಲ್ಲಿ ದಿನಾಂಕ, ಸಮಯ, ಹಣ ಪಡೆದವರ ಹೆಸರು ಮೂರೂ ಇರುವುದರಿಂದ, ಎಷ್ಟೋ ಸಲ ಅದು ಕಾಗದದ ಬಿಲ್ಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಊಟ ಬಡಿಸುವುದು ಮಾತ್ರವಲ್ಲ, ಉಂಡವರು ಕೈ ತೊಳೆಯಲು ಹೋಗುವ ದಾರಿಯನ್ನು ಸುರಕ್ಷಿತವಾಗಿ ಇಡುವುದೂ ಹೋಟೆಲಿನ ಸೇವೆಯ ಭಾಗ, ಅದರಲ್ಲಾದ ಲೋಪ ಸೇವಾ ನ್ಯೂನತೆ ಎಂಬುದು ನಿಮ್ಮ ವಾದವಾಗಬೇಕು. ಬಟ್ಟೆ ಅಂಗಡಿಯಲ್ಲೋ ದಿನಸಿ ಅಂಗಡಿಯಲ್ಲೋ ಏನನ್ನೂ ಕೊಳ್ಳುವ ಮೊದಲೇ ಬಿದ್ದವರಿಗೆ ಈ ದಾರಿ ಇಷ್ಟು ಸಲೀಸಲ್ಲ. ಅವರು ಗ್ರಾಹಕರೇ ಅಲ್ಲ ಎಂಬ ತಕರಾರು ಬರುವುದರಿಂದ, ಅಂಥವರಿಗೆ ಸಿವಿಲ್ ನ್ಯಾಯಾಲಯದ ದಾವೆಯೇ ಹೆಚ್ಚು ಭದ್ರ.

ನೀವು ಹೋಗಬೇಕಾದ್ದು ಮಡಿಕೇರಿಯಲ್ಲಿರುವ ಕೊಡಗು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ. ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಅನುಕೂಲವಿದೆ. ಯಾವ ಆಯೋಗಕ್ಕೆ ಹೋಗಬೇಕು, ಎಷ್ಟು ಶುಲ್ಕ ಕಟ್ಟಬೇಕು ಎಂಬುದು 2019ರ ಕಾಯ್ದೆಯಲ್ಲಿ ನಿರ್ಧಾರವಾಗುವುದು ನೀವು ಕೇಳುವ ಪರಿಹಾರದ ಮೊತ್ತದಿಂದ ಅಲ್ಲ, ಸೇವೆಗೆ ಕೊಟ್ಟ ಬೆಲೆಯಿಂದ. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಈ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ನೀವು ಕೊಟ್ಟದ್ದು ಕೆಲವು ನೂರು ರೂಪಾಯಿಯ ಊಟದ ಬೆಲೆ. ಆದ್ದರಿಂದ ಪರಿಹಾರವೆಂದು ಮೂರು ಲಕ್ಷ ಕೇಳಿದರೂ ಶುಲ್ಕ ಕಟ್ಟಬೇಕಾಗಿಲ್ಲ. ಸಿವಿಲ್ ದಾವೆಯಾದರೆ ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕಾಗುತ್ತದೆ. ದೂರುದಾರರು ವಾಸವಾಗಿರುವ ಜಿಲ್ಲೆಯಲ್ಲೂ ದೂರು ಕೊಡಲು ಅವಕಾಶವಿರುವುದರಿಂದ, ಕೊಡಗಿನ ಹೋಂಸ್ಟೇಗಳಲ್ಲಿ ಜಾರಿ ಬಿದ್ದು ಊರಿಗೆ ಮರಳಿದ ಪ್ರವಾಸಿಗರು ತಮ್ಮ ಊರಿನ ಆಯೋಗದಲ್ಲೇ ಕೇಳಬಹುದು. ನಮ್ಮ ಹೋಂಸ್ಟೇ ಮಾಲೀಕರು ಇದನ್ನು ತಿಳಿದಿರುವುದು ಒಳ್ಳೆಯದು.

ಈಗ ಸಾಕ್ಷ್ಯದ ವಿಷಯಕ್ಕೆ ಬರುತ್ತೇನೆ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ಆಯೋಗವು ಬಹುಪಾಲು ಅಫಿಡವಿಟ್ ಮತ್ತು ದಾಖಲೆಗಳ ಆಧಾರದ ಮೇಲೆಯೇ ತೀರ್ಮಾನಿಸುತ್ತದೆ. ಆದ್ದರಿಂದ ಕಾಗದದಲ್ಲಿ ಇಲ್ಲದ್ದು ಅಲ್ಲಿ ಇಲ್ಲವೆಂದೇ ಲೆಕ್ಕ. ಈ ವಾರವೇ ಪತಿಯನ್ನೋ ನೆಂಟರಲ್ಲಿ ಒಬ್ಬರನ್ನೋ ಅದೇ ಹೋಟೆಲಿಗೆ ಊಟಕ್ಕೆ ಕಳುಹಿಸಿ, ಆ ಮೆಟ್ಟಿಲಿನ ಫೋಟೊ ತೆಗೆಸಿ. ನಿಂತ ಎತ್ತರದಿಂದ, ನೀವು ನಡೆದು ಬಂದ ದಿಕ್ಕಿನಿಂದಲೇ ಒಂದು ಫೋಟೊ ಇರಲಿ, ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ತೋರಿಸುವುದು ಅದೊಂದೇ. ಅಷ್ಟರಲ್ಲಿ ಅಂಚಿಗೆ ಹಳದಿ ಪಟ್ಟಿ ಬಳಿದಿದ್ದರೆ ಅದನ್ನೂ ತೆಗೆಯಲಿ. ಪಟ್ಟಿ ಬಳಿದ ಮಾತ್ರಕ್ಕೆ ತಪ್ಪೊಪ್ಪಿಕೊಂಡಂತಾಗುವುದಿಲ್ಲ, ಆದರೆ ಇಷ್ಟು ಸಣ್ಣ ಖರ್ಚಿನಲ್ಲಿ ಅಪಾಯ ತಪ್ಪಿಸಬಹುದಿತ್ತು ಎಂದು ತೋರಿಸಲು ಅದು ನೆರವಾಗುತ್ತದೆ. ಬಿದ್ದಾಗ ನಿಮ್ಮನ್ನು ಎತ್ತಿದವರು, ಪಕ್ಕದ ಮೇಜಿನಲ್ಲಿದ್ದವರು, ಆಸ್ಪತ್ರೆಗೆ ಕರೆದೊಯ್ದ ಆಟೊ ಚಾಲಕರು ಯಾರೆಂದು ನೆನಪಿಸಿಕೊಂಡು ಬರೆದಿಡಿ. ಮನೆಯವರ ಮಾತಿಗಿಂತ ಹೊರಗಿನ ಒಬ್ಬರ ಅಫಿಡವಿಟ್‌ಗೆ ಹೆಚ್ಚು ಬೆಲೆ ಸಿಗುತ್ತದೆ. ಸಿಸಿಟಿವಿ ದೃಶ್ಯ ಕೆಲವು ವಾರಗಳಲ್ಲಿ ತಾನಾಗಿ ಅಳಿಸಿಹೋಗುವುದರಿಂದ ಈಗ ಉಳಿದಿರುವುದು ಸಂದೇಹವೇ. ಆದರೂ ಅದನ್ನು ಉಳಿಸಿಕೊಡಬೇಕೆಂದು ಲಿಖಿತವಾಗಿ ಕೇಳಿ, ಏಕೆಂದರೆ ಅವರು ಕೊಡುವ ಉತ್ತರವೂ ಒಂದು ದಾಖಲೆಯೇ.

ಆಸ್ಪತ್ರೆಯ ದಾಖಲೆಯನ್ನು ಒಮ್ಮೆ ಕೂಲಂಕಷವಾಗಿ ಓದಿಸಿ. ನೋವಿನಲ್ಲಿ ಕರೆತಂದವರು "ಬಿದ್ದರು" ಎಂದಷ್ಟೇ ಹೇಳಿರುತ್ತಾರೆ, ವೈದ್ಯರು "ಸೆಲ್ಫ್ ಫಾಲ್" ಎಂದು ಬರೆದುಕೊಂಡಿರುತ್ತಾರೆ, ಎಲ್ಲಿ ಎಂಬುದೇ ಇರುವುದಿಲ್ಲ. ಮುಂದೆ ಎದುರುದಾರರ ವಕೀಲರು ಮೊದಲು ಬೆರಳಿಡುವುದು ಆ ಸಾಲಿನ ಮೇಲೆಯೇ: ಮನೆಯಲ್ಲಿ ಬಿದ್ದು ಇಲ್ಲಿ ಕೇಳುತ್ತಿದ್ದಾರೆ ಎನ್ನುತ್ತಾರೆ. ಮಡಿಕೇರಿಯಲ್ಲಿ ಮೊದಲು ತೋರಿಸಿದ ಆಸ್ಪತ್ರೆಯ ಹೊರರೋಗಿ ಚೀಟಿ, ಎಕ್ಸ್‌ರೇ, ಅವುಗಳ ಮೇಲಿನ ದಿನಾಂಕ ಹಾಗೂ ಸಮಯ, ಫೋನ್‌ಪೇ ಪಾವತಿಯ ಸಮಯ ಇವುಗಳನ್ನು ಒಟ್ಟಿಗೆ ಇಟ್ಟರೆ ಆ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ. ಊಟದ ಹಣ ಪಾವತಿಯಾದ ಅರ್ಧ ಗಂಟೆ ಒಂದು ಗಂಟೆಯೊಳಗೆ ಅದೇ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಗಿದ್ದರೆ, ಮನೆಯಲ್ಲಿ ಬಿದ್ದಿರಿ ಎಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಎಷ್ಟು ಕೇಳಬೇಕೆಂಬುದಕ್ಕೆ ಸಿದ್ಧ ಪಟ್ಟಿಯಿಲ್ಲ. ರಸ್ತೆ ಅಪಘಾತದ ಗಾಯಗಳಿಗೆ ಸಂಬಂಧಿಸಿದಂತೆ ಸುಪ್ರೀಂ ಕೋರ್ಟ್ 2010ರಲ್ಲಿ ರಾಜ್ ಕುಮಾರ್ ಪ್ರಕರಣದಲ್ಲಿ ಹಾಕಿಕೊಟ್ಟ ಲೆಕ್ಕದ ಕ್ರಮವನ್ನು ಇಲ್ಲಿಯೂ ಅನುಸರಿಸುವುದು ಯುಕ್ತ: ಚಿಕಿತ್ಸೆ, ಓಡಾಟ ಮತ್ತು ಆರೈಕೆಯ ಖರ್ಚು, ಚಿಕಿತ್ಸೆಯ ಅವಧಿಯಲ್ಲಿ ತಪ್ಪಿದ ದುಡಿಮೆ, ಶಾಶ್ವತ ಊನದಿಂದ ಮುಂದೆ ಆಗುವ ನಷ್ಟ, ಮುಂದಿನ ಚಿಕಿತ್ಸೆ, ನೋವು ಮತ್ತು ಸಂಕಟ. ಆ ತೀರ್ಪಿನಲ್ಲಿ ನಿಮಗೆ ಬಹಳ ಬೇಕಾದ ಮಾತೊಂದಿದೆ. ವೈದ್ಯರು ಹೇಳುವ ಊನದ ಶೇಕಡಾವಾರು ಪ್ರಮಾಣವೇ ದುಡಿಮೆಯ ನಷ್ಟದ ಪ್ರಮಾಣವಲ್ಲ. ಎಡಗೈ ಕಳೆದುಕೊಂಡ ಚಾಲಕನಿಗೋ ಬಡಗಿಗೋ ದುಡಿಮೆ ಹೆಚ್ಚುಕಡಿಮೆ ಪೂರ್ತಿ ನಿಂತುಹೋಗಬಹುದು, ಸರ್ಕಾರಿ ಗುಮಾಸ್ತನಿಗೆ ನೌಕರಿ ಉಳಿಯಬಹುದು ಎಂದು ನ್ಯಾಯಾಲಯ ಬಿಡಿಸಿ ಹೇಳಿದೆ. ಹೊಲಿಯುವವರಿಗೆ ಬಲ ಮಣಿಕಟ್ಟು ಎಷ್ಟು ತಿರುಗುತ್ತದೆ ಎಂಬುದೇ ಜೀವನ. ಕತ್ತರಿ ಹಿಡಿಯಲು, ಸೂಜಿಗೆ ನೂಲು ಪೋಣಿಸಲು, ಮಷಿನ್ನಿನ ಕೆಳಗೆ ಬಟ್ಟೆ ತಿರುಗಿಸಲು ಏನು ಅಡ್ಡಿಯಾಗುತ್ತಿದೆ ಎಂಬುದನ್ನು ಮೂಳೆ ವೈದ್ಯರಿಗೆ ವಿವರಿಸಿ, ಅವರ ಪ್ರಮಾಣಪತ್ರದಲ್ಲಿ ಅದು ಬರುವಂತೆ ಕೇಳಿಕೊಳ್ಳಿ. ಪ್ಲೇಟ್ ತೆಗೆಯಲು ಇನ್ನೊಂದು ಆಪರೇಷನ್ ಬೇಕಾಗುವುದಾದರೆ ಅದರ ಅಂದಾಜು ಖರ್ಚನ್ನೂ ಬರೆಸಿಕೊಳ್ಳಿ.

ಮನೆಯಲ್ಲೇ ದುಡಿಯುವ ಹೆಂಗಸರ ಆದಾಯವನ್ನು ಸುಲಭವಾಗಿ ಕಡೆಗಣಿಸಲಾಗುತ್ತದೆ, ಸಂಬಳದ ಚೀಟಿ ಇಲ್ಲವೆಂಬ ಕಾರಣಕ್ಕೆ. ಇದು ನನಗೆ ಸದಾ ಬೇಸರ ತರುವ ಸಂಗತಿ. ನಿಮ್ಮ ಬಳಿ ಅಳತೆ ಬರೆದುಕೊಳ್ಳುವ ಪುಸ್ತಕ ಇದ್ದೇ ಇರುತ್ತದೆ: ಗಿರಾಕಿಯ ಹೆಸರು, ತೋಳು, ಎದೆ, ಉದ್ದ, ಕೊಡಬೇಕಾದ ದಿನ, ಮುಂಗಡ. ಕಳೆದ ವರ್ಷದ ಗೌರಿ ಹಬ್ಬ, ದಸರಾ, ಹುತ್ತರಿ ತಿಂಗಳುಗಳ ಪುಟಗಳನ್ನು ಈ ವರ್ಷದ ಖಾಲಿ ಪುಟಗಳ ಪಕ್ಕದಲ್ಲಿ ಇಟ್ಟರೆ, ಆಗಿರುವ ನಷ್ಟವನ್ನು ಅದಕ್ಕಿಂತ ಚೆನ್ನಾಗಿ ಹೇಳುವ ಸಾಕ್ಷಿ ಇನ್ನೊಂದಿಲ್ಲ. ಜೊತೆಗೆ ಬ್ಯಾಂಕ್ ಪಾಸ್‌ಬುಕ್, ಗಿರಾಕಿಗಳು ಫೋನಿನಲ್ಲಿ ಕಳಿಸಿದ ಹಣದ ವಿವರ, ಕಾಯಂ ಗಿರಾಕಿಗಳಲ್ಲಿ ಇಬ್ಬರು ಮೂವರ ಅಫಿಡವಿಟ್ ಇರಲಿ. ಲೆಕ್ಕ ಎಷ್ಟು ಬರುತ್ತದೋ ಅಷ್ಟನ್ನೇ ಕೇಳಿ. ಶುಲ್ಕ ಇಲ್ಲವೆಂದು ಹತ್ತು ಲಕ್ಷ ಕೇಳಿದರೆ ಉಳಿದ ಸತ್ಯ ಸಂಗತಿಗಳ ಮೇಲೂ ಅನುಮಾನ ಹುಟ್ಟುತ್ತದೆ.

ಯಾರ ಮೇಲೆ ದೂರು ಎಂಬುದನ್ನೂ ಸರಿಯಾಗಿ ಗೊತ್ತುಮಾಡಿಕೊಳ್ಳಬೇಕು. ಬೋರ್ಡಿನ ಮೇಲಿನ ಹೆಸರು ಒಂದು, ಕೌಂಟರಿನಲ್ಲಿ ಕೂರುವವರು ಒಬ್ಬರು, ಕಟ್ಟಡದ ಒಡೆಯರು ಮತ್ತೊಬ್ಬರು ಆಗಿರುವುದು ಸಾಮಾನ್ಯ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇದ್ದರೆ ಜಿಎಸ್‌ಟಿ ಜಾಲತಾಣದಲ್ಲಿ ಆ ವ್ಯವಹಾರದ ಕಾನೂನುಬದ್ಧ ಹೆಸರು ಸಿಗುತ್ತದೆ. ಹೋಟೆಲಿನಲ್ಲಿ ತೂಗುಹಾಕಿರಬೇಕಾದ ಆಹಾರ ಸುರಕ್ಷತಾ ಪರವಾನಗಿಯಲ್ಲೂ ಇರುತ್ತದೆ. ಚೀಲ, ಲೈಟು ಹೋಟೆಲು ನಡೆಸುವವರ ಹೊಣೆ. ಮೆಟ್ಟಿಲಿನ ರಚನೆಯಲ್ಲೇ ದೋಷವಿದೆ ಎನ್ನುವುದಾದರೆ ಕಟ್ಟಡದ ಒಡೆಯರನ್ನೂ ಸೇರಿಸಬೇಕೇ ಎಂಬುದನ್ನು ವಕೀಲರು ನಿರ್ಧರಿಸಲಿ.

ಅಂದು ಪಡೆದ 2,000 ರೂಪಾಯಿಯಿಂದ ನಿಮ್ಮ ಹಕ್ಕು ಹೋಗಿಲ್ಲ. ಪೂರ್ತಿ ಇತ್ಯರ್ಥವಾಯಿತೆಂದು ನೀವು ಎಲ್ಲೂ ಸಹಿ ಹಾಕಿಲ್ಲವಷ್ಟೆ? ಹಾಗಿದ್ದರೆ ಆ ಮೊತ್ತವನ್ನು ನಿಮ್ಮ ಲೆಕ್ಕದಲ್ಲಿ ಪ್ರಾಮಾಣಿಕವಾಗಿ ಕಳೆದು ತೋರಿಸಿ. ನಮ್ಮದು ಚಿಕ್ಕ ಜಿಲ್ಲೆ, ನಾಲ್ಕು ಮನೆ ದಾಟಿದರೆ ನೆಂಟಸ್ತಿಕೆ ಹೊರಡುತ್ತದೆ, ಹಿರಿಯರು ಕೂತು ಮಾತಾಡಿ ಮುಗಿಸೋಣ ಎಂದು ಬಂದೇ ಬರುತ್ತಾರೆ. ಬಂದರೆ ಮಾತಾಡಿ, ಅದರಲ್ಲಿ ತಪ್ಪಿಲ್ಲ. ಆದರೆ ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ, ಚಿಕಿತ್ಸೆ ಮುಗಿಯುವ ಮೊದಲು "ಇನ್ನು ಯಾವ ಬಾಕಿಯೂ ಇಲ್ಲ" ಎಂದು ಬರೆದುಕೊಡಬೇಡಿ, ಮಾತುಕತೆ ನಡೆಯುತ್ತಿದೆ ಎಂದು ಕಾಲಮಿತಿ ಮೀರಲು ಬಿಡಬೇಡಿ. ಆಯೋಗದಲ್ಲೇ ಮಧ್ಯಸ್ಥಿಕೆಗೆ ಅವಕಾಶವಿದೆ. ಲೋಕ್ ಅದಾಲತ್‌ನಲ್ಲಿ ರಾಜಿಯಾದರೆ ಅದರ ಮೇಲೆ ಮೇಲ್ಮನವಿ ಇಲ್ಲವಾದ್ದರಿಂದ ಮೊತ್ತವನ್ನು ಚೆನ್ನಾಗಿ ಯೋಚಿಸಿ ಒಪ್ಪಬೇಕು.

ಮೊದಲ ಹೆಜ್ಜೆಯಾಗಿ ವಕೀಲರ ಮೂಲಕ ನೋಟಿಸ್ ಕಳುಹಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಅದರಲ್ಲಿ, ಹೋಟೆಲಿಗೆ ಮೂರನೆಯವರ ಗಾಯಕ್ಕೆ ಅನ್ವಯಿಸುವ ವಿಮೆ ಇದೆಯೇ ಎಂದು ನೇರವಾಗಿ ಕೇಳಿ. ಅಂಗಡಿ, ಹೋಟೆಲುಗಳಿಗೆ ಬೆಂಕಿ, ಕಳವಿಗಾಗಿ ಕೊಳ್ಳುವ ಪ್ಯಾಕೇಜ್ ವಿಮೆಗಳಲ್ಲಿ ಸಾರ್ವಜನಿಕ ಹೊಣೆಗಾರಿಕೆಯ ಭಾಗವೂ ಸೇರಿರುವುದುಂಟು, ಎಷ್ಟೋ ಮಾಲೀಕರು ಅದನ್ನು ಓದಿಯೇ ಇರುವುದಿಲ್ಲ. ವಿಮೆ ಇದ್ದರೆ ಇಬ್ಬರ ನಡುವಿನ ಬಿಗಿ ಸಡಿಲವಾಗುತ್ತದೆ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯನ್ನು ಕೆಲವರು ಇಲ್ಲಿ ಎಳೆದು ತರುತ್ತಾರೆ, ಅದು ಅಪಾಯಕಾರಿ ರಾಸಾಯನಿಕಗಳ ಅವಘಡಕ್ಕೆ ಸಂಬಂಧಿಸಿದ್ದು, ನಿಮಗೆ ಅನ್ವಯಿಸುವುದಿಲ್ಲ. ನೋಟಿಸಿಗೆ ಒಪ್ಪದಿದ್ದರೆ ದೂರು. ದೂರಿನ ಪ್ರತಿ ತಲುಪಿದ ಮೇಲೆ ಉತ್ತರಿಸಲು ಎದುರುದಾರರಿಗೆ 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದಕ್ಕೂ ಮೀರಿ ಕೊಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದೇಶದ ವಿರುದ್ಧ 45 ದಿನಗಳಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಹಣ ಕೊಡಬೇಕಾದವರು ಅರ್ಧ ಮೊತ್ತವನ್ನು ಮೊದಲು ಠೇವಣಿ ಇಡಬೇಕು.

ಪೊಲೀಸ್ ದೂರು ಇಲ್ಲದಿರುವುದು ಪರಿಹಾರ ಕೇಳಲು ಅಡ್ಡಿಯಲ್ಲ. ಮೂಳೆ ಮುರಿತ ಕಾನೂನಿನ ದೃಷ್ಟಿಯಲ್ಲಿ ತೀವ್ರ ಗಾಯವೇ. ನಿರ್ಲಕ್ಷ್ಯದಿಂದ ಅದನ್ನುಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್ನಿನಡಿ ಅಪರಾಧವಾಗಬಹುದು. ಆದರೆ ಆ ಪ್ರಕರಣದಿಂದ ನಿಮ್ಮ ಆಸ್ಪತ್ರೆ ಖರ್ಚು ಮರಳಿ ಬರುವುದಿಲ್ಲ, ರಾಜಿಯ ಬಾಗಿಲೂ ಮುಚ್ಚಬಹುದು. ನಿಮ್ಮ ಸ್ಥಿತಿಯಲ್ಲಿ ನಾನು ಅದಕ್ಕೆ ಆತುರಪಡುತ್ತಿರಲಿಲ್ಲ.

ವಕೀಲರ ಖರ್ಚಿಗೆ ಹೆದರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಸೆಕ್ಷನ್ನಿನ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ, ಇಲ್ಲವೇ ನಿಮಗೆ ಹತ್ತಿರವಾದ ಸೋಮವಾರಪೇಟೆಯ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ. ಗ್ರಾಹಕ ದೂರಿಗೆ ಕಾಲಮಿತಿ ಘಟನೆಯ ದಿನದಿಂದ ಎರಡು ವರ್ಷ. ನೋಟಿಸನ್ನು ಈ ತಿಂಗಳೇ ಕಳುಹಿಸಿ. ದೂರನ್ನು ಮಾತ್ರ, ಮೂಳೆ ಕೂಡಿ ಫಿಸಿಯೊಥೆರಪಿ ಮುಗಿದು, ಉಳಿಯುವ ಊನ ಎಷ್ಟೆಂದು ವೈದ್ಯರು ಬರೆದುಕೊಟ್ಟ ಮೇಲೆ ಸಲ್ಲಿಸಿ. ಆ ಪ್ರಮಾಣಪತ್ರ ಎಷ್ಟೇ ತಡವಾದರೂ ಘಟನೆಗೆ ಎರಡು ವರ್ಷ ತುಂಬುವ ಜುಲೈ ತಿಂಗಳವರೆಗೆ ಕಾಯದೆ, ಅದಕ್ಕೂ ಕೆಲವು ತಿಂಗಳು ಮೊದಲೇ ದೂರು ಆಯೋಗದಲ್ಲಿ ದಾಖಲಾಗಿರಲಿ.